ಮಕ್ಕಳ ಗೆರೆ

ಕೈ ನೋಡಿ ಹೇಳುವುದನ್ನು ನಂಬಬಹುದೇ ಎಂದು ಮೊಮ್ಮಕ್ಕಳು ಕೇಳುತ್ತಾರೆ. ನಾನು ನೇರ ಉತ್ತರ ಕೊಡುವುದಿಲ್ಲ. ಕಲಿತವಳು ನಾನು, ಆದ್ದರಿಂದ ನನಗೇ ಸಂಕೋಚ.

ಕಲಿಸಿದವನು ನಮ್ಮಪ್ಪ. ಕೊಪ್ಪಳದ ನಮ್ಮ ಬಳೆ ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ, ತಾನೇ ನಕಲು ಮಾಡಿಕೊಂಡಿದ್ದ ಸಾಮುದ್ರಿಕದ ಪುಸ್ತಕ ಬಿಚ್ಚಿ, ಗಂಡಸರಿಗೆ ಬಲಗೈ, ಹೆಂಗಸರಿಗೆ ಎಡಗೈ ಎಂದು ಶುರು ಮಾಡುತ್ತಿದ್ದ. ಶಾಲೆಯ ಮುಖ ಕಾಣದ ನನಗೆ ಅಕ್ಷರ ಬಂದದ್ದೂ ಆ ಪುಸ್ತಕದಿಂದಲೇ. ಕಿರುಬೆರಳಿನ ಬುಡದಲ್ಲಿ, ಅಂಗೈಯ ಅಂಚಿಗೆ ಇರುವ ಸಣ್ಣ ಗೆರೆಗಳು ಮಕ್ಕಳ ಗೆರೆ. ನನ್ನ ಕೈಯಲ್ಲಿ ಎರಡಿದ್ದವು.

ಮದುವೆಯಾಗಿ ಯಲಬುರ್ಗಿಗೆ ಬಂದೆ. ಅದೂ ಬಳೆ ವ್ಯಾಪಾರದ ಮನೆಯೇ. ಗಂಡಸರು ಬಳೆಯ ಮಲಾರ ಹೊತ್ತು ಕುಷ್ಟಗಿ, ಗಂಗಾವತಿ ಕಡೆ ಊರೂರು ತಿರುಗುತ್ತಿದ್ದರು. ಮನೆಯ ಪಡಸಾಲೆಯಲ್ಲಿ ಕೂತು, ಬಂದವರ ಕೈಗೆ ಬಳೆ ಇಡುವವಳು ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ. ಅಳವಂಡಿಯವಳು, ಒಂದಕ್ಷರ ಬಾರದು. ಆದರೆ ಹೆಬ್ಬೆರಳನ್ನು ಒಳಗೆ ಮಡಚಿ, ಅಂಗೈ ಹಿಂಡಿ ಬಳೆ ಏರಿಸುತ್ತಲೇ, "ಕೈಗೆ ಜರಾ ನೀರು ಬಂದೈತಲ್ಲ, ಎಷ್ಟು ತಿಂಗಳಾತು?" ಎಂದು ಕೇಳುತ್ತಿದ್ದಳು. ಎದುರಿಗೆ ಕೂತವಳು ನಾಚಿ ಸೆರಗು ಎಳೆದುಕೊಳ್ಳುತ್ತಿದ್ದಳು. ಇನ್ನೊಬ್ಬಳಿಗೆ, "ಹ್ವಾದ ಸಲಕ್ಕಿಂತ ಸೊರಗೀಯಲ್ಲ ತಂಗಿ, ಊಟ ಸೇರ್ತಿಲ್ಲೇನು?" ಅಂದರೆ ಸಾಕು, ಆಕೆ ಅಳಲು ಶುರು.

ನನಗೆ ಹೊಟ್ಟೆ ಉರಿಯುತ್ತಿತ್ತು. ಪುಸ್ತಕ ಓದಿದವಳು ನಾನು. ಆದರೆ ನಮ್ಮ ತಾಲೂಕಿನದೇ ಮಂಗಳೂರು ಎಂಬ ಹಳ್ಳಿಯಿಂದ ಬಿಸಿಲಲ್ಲಿ ನಡೆದು ಬಂದ ಹೆಂಗಸರು ಕೈ ಚಾಚುತ್ತಿದ್ದುದು ಅವಳ ಮುಂದೆ. ನಾನು ಗೆರೆ ನೋಡಿ ಗಂಡು ಎಂದವಳಿಗೆ ಹೆಣ್ಣಾಗುತ್ತಿತ್ತು. ದೂರ ಪ್ರಯಾಣವಿದೆ ಎಂದವಳು ಹೊಲ ದಾಟಿ ಆಚೆ ಹೋಗುತ್ತಿರಲಿಲ್ಲ.

ಉರಿಗೆ ಇನ್ನೂ ದೊಡ್ಡ ಕಾರಣವಿತ್ತು. ನೆಗೆಣ್ಣಿಗೆ ಮೂರು ಮಕ್ಕಳು. ನನಗೆ ಮದುವೆಯಾಗಿ ಆರು ವರ್ಷವಾದರೂ ಒಂದಿಲ್ಲ. ಮುಂಜಾನೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲು ಕೈ ನೋಡಿಕೊಳ್ಳುತ್ತಿದ್ದೆ. ಗೆರೆ ಎರಡೂ ಇದ್ದಲ್ಲೇ ಇರುತ್ತಿದ್ದವು.

ಒಂದು ದಿನ ಪಡಸಾಲೆಯ ತುಂಬ ಹೆಂಗಸರು. ಒಬ್ಬಾಕೆ ತಮಾಷೆಗೆ ನನ್ನತ್ತ ತಿರುಗಿ, "ನಿಮ್ಮ ಅಕ್ಕನ ಕೈಯರ ನೋಡಿ ಹೇಳ್ರಿ, ಕೇಳೂಣು" ಎಂದಳು. ನೆಗೆಣ್ಣಿ ನಗುತ್ತ ಎಡಗೈ ಚಾಚಿದಳು. ಒಡೆದ ಬಳೆ ಕೊರೆದು ಕೊರೆದು ಅವಳ ಅಂಗೈಯ ಅಂಚೆಲ್ಲ ಜಡ್ಡುಗಟ್ಟಿತ್ತು, ಗೆರೆ ಒಂದೂ ಉಳಿದಿರಲಿಲ್ಲ. ಅದು ಗಾಜಿನ ಕೆಲಸವೆಂದು ನನಗೆ ಗೊತ್ತಿತ್ತು. ನಮ್ಮವ್ವನ ಕೈಯೂ ಹಾಗೇ ಇತ್ತು. ಆದರೂ ಹೇಳಿದೆ.

"ಯಕ್ಕಾ, ನಿನ್ನ ಕೈಯಾಗ ಮಕ್ಕಳ ಗೆರಿನ ಇಲ್ಲ. ಇದ್ದ ಮೂರು ಯಾರ ದೈವದಾಗಿನವೋ, ಎಷ್ಟು ದಿನದವೋ ಏನೋ."

ಹೆಂಗಸರು ನಕ್ಕರು. ಅವಳೂ ನಕ್ಕು, ಕೈ ಹಿಂದಕ್ಕೆ ತೆಗೆದುಕೊಂಡು ಮುಂದಿನವಳಿಗೆ ಬಳೆ ಇಡತೊಡಗಿದಳು. ಅಂದು ನನಗೆ ಊಟ ಚೆನ್ನಾಗಿ ಸೇರಿತು.

ಅವಳಿಂದ ಬಳೆ ಇಡಿಸಿಕೊಳ್ಳುವುದನ್ನು ನಾನು ಎಂದೋ ಬಿಟ್ಟಿದ್ದೆ. ಸಾಬೂನು ಹಚ್ಚಿಕೊಂಡು ನಾನೇ ಏರಿಸಿಕೊಳ್ಳುತ್ತಿದ್ದೆ. ನನ್ನ ಕೈ ಹಿಂಡಿ ಅವಳು ಏನೂ ಹೇಳದೆ ಸುಮ್ಮನಾಗುವುದು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ಎರಡು ವರ್ಷ ಕಳೆಯಿತು. ಯುದ್ಧದ ದಿನಗಳು, ಬಳೆ ಪೆಟ್ಟಿಗೆ ಬರುವುದೇ ಅಪರೂಪವಾಗಿತ್ತು. ಪಂಚಮಿಗೆಂದು ಬಂದ ಹಸಿರು ಬಳೆಗಳಲ್ಲಿ ನನ್ನ ಅಳತೆಯವನ್ನು ಏರಿಸಹೋಗಿ ಸಾಲಾಗಿ ಮೂರು ಒಡೆದೆ. ಅತ್ತೆ ಬೈದರು. "ಇದ್ದವೆಲ್ಲ ಪುಡಿ ಮಾಡ್ತೀಯೇನು? ಆಕಿ ಕಡೆ ಇಡಿಸ್ಕೋ ಹೋಗು."

ಬೇರೆ ದಾರಿಯಿಲ್ಲದೆ ಹೋಗಿ ಕೂತೆ. ನೆಗೆಣ್ಣಿ ನನ್ನ ಎಡಗೈ ಹಿಡಿದು ಒಮ್ಮೆ ಹಿಂಡಿದಳು. ಬಿಟ್ಟು, ಮತ್ತೆ ಹಿಂಡಿದಳು. ತೆಗೆದಿಟ್ಟಿದ್ದ ಬಳೆ ಸರಿಸಿ ಒಂದಳತೆ ದೊಡ್ಡದನ್ನು ಕೈಗೆತ್ತಿಕೊಂಡಳು.

"ನಿನ್ನ ಅಳತಿ ಬದಲಾಗೇತಿ ತಂಗಿ. ಮೂರು ತಿಂಗಳಿರಬೇಕು. ನಿನಗ ಗೊತ್ತಾಗಿಲ್ಲೇನು?"

ತಿಂಗಳು ತಪ್ಪುವುದು ನನಗೆ ಮಾಮೂಲಾಗಿತ್ತು, ಲೆಕ್ಕ ಇಡುವುದನ್ನೇ ಬಿಟ್ಟಿದ್ದೆ. ದಿನಾ ಗೆರೆ ನೋಡಿಕೊಳ್ಳುತ್ತಿದ್ದವಳಿಗೆ ಕೈ ಊದಿದ್ದು ಕಂಡಿರಲಿಲ್ಲ. ಮುಚ್ಚಿಡುವುದೇಕೆ, ಮೊದಲು ಬಂದದ್ದು ಸಂತೋಷವಲ್ಲ. ನನ್ನ ಹೊಟ್ಟೆಯೊಳಗಿನ ಸುದ್ದಿಯೂ ಮೊದಲು ಇವಳಿಗೇ ಗೊತ್ತಾಯಿತಲ್ಲ ಎಂಬ ಉರಿ.

ಬಳೆ ಏರಿಸಿ ಮುಗಿಸಿದ ಮೇಲೂ ಅವಳು ಏಳಲಿಲ್ಲ. ಸುತ್ತ ಯಾರೂ ಇಲ್ಲದ್ದನ್ನು ನೋಡಿ ತನ್ನ ಎಡಗೈಯನ್ನು ನನ್ನ ಮುಂದೆ ಚಾಚಿದಳು.

"ನಿನ್ನ ಸುದ್ದಿ ನಾ ಹೇಳ್ದೆ. ನೀನೂ ನಂದೊಂದು ಖರೆ ಹೇಳು. ಅವತ್ತು ಗೆರಿ ಇಲ್ಲ ಅಂದಿ. ಓದಿದಾಕಿ ನೀ, ಸುಳ್ಳ ಯಾಕ ಹೇಳ್ತಿ. ಎರಡು ವರ್ಷಾತು, ಹುಡುಗರ ಮೈ ಬೆಚ್ಚಗಾದ್ರ ನಾ ಈ ಕೈ ನೋಡ್ಕೋತ ಕುಂದರ್ತೀನಿ. ಈಗರ ಮೂಡ್ಯಾವೇನು ನೋಡು. ನನ್ನ ಮಕ್ಕಳು ಉಳೀತಾವಲ್ಲ?"

ಅಪ್ಪ ಕಲಿಸಿದಂತೆ ಆ ಕೈಯನ್ನು ಬೆಳಕಿಗೆ ತಿರುಗಿಸಲು ಹೋದೆ, ಆಗಲಿಲ್ಲ. ಅವಳು ಎಲ್ಲರ ಕೈ ಹಿಡಿಯುವಂತೆ ಹಿಡಿದೆ. ಜಡ್ಡುಗಟ್ಟಿದ ಅಂಚು ನನ್ನ ಬೆರಳಿಗೆ ಒರಟಾಗಿ ತಾಗಿತು.

"ಗಾಜು ಕೊರದು ಗೆರಿ ಹೋಗ್ಯಾವ ಯಕ್ಕಾ. ಮಕ್ಕಳಿಗೇನೂ ಆಗಂಗಿಲ್ಲ. ಇದು ಅವತ್ತೂ ನನಗ ಗೊತ್ತಿತ್ತು."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಹಂಗಾರ ಯಾಕ ಅಂದಿ?"

ನಾನು ಹೊಸ ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತ ಕೂತೆ. ಅವಳು ನನ್ನ ಕೈ ತೆಗೆದುಕೊಂಡು, ಬಳೆ ಇಡುವಾಗಿನಂತೆ ಮೆಲ್ಲಗೆ ಒಮ್ಮೆ ಹಿಂಡಿ ಬಿಟ್ಟಳು. ಆ ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ.