ಚಾ ಜರಡಿಯಲ್ಲಿ ಸೋಸಿದ ಗಂಜಿ

ಗಂಜಿ ತಳ ಹಿಡಿಯಬಹುದಿತ್ತು. ಕುಕ್ಕರಿನ ವಿಷಲ್ ಹಾರಿ ಮಾಡಿನ ಹಂಚಿಗೆ ಬಡಿಯಬಹುದಿತ್ತು. ಕ್ಯಾರೆಟ್ಟಿನ ತುಣುಕೊಂದು ಅರೆಯದೆ ಉಳಿದು ಮಗುವಿನ ಗಂಟಲಲ್ಲಿ ಕೂರಬಹುದಿತ್ತು. ನಮ್ಮ ಮಿಕ್ಸಿ ಜಾರಿನ ಸಂದಿಯಲ್ಲಿ ಹದಿನೈದು ವರ್ಷಗಳ ಮೆಣಸಿನ ಖಾರ ಅಡಗಿದ್ದು, ಸರಿಯಾಗಿ ಅವತ್ತೇ ಹೊರಬರಬಹುದಿತ್ತು. ಹೆಸರುಬೇಳೆಗೆ ಹೊಟ್ಟೆ ಉಬ್ಬಬಹುದಿತ್ತು. ಜೀರಿಗೆಯೆಂದು ಸಾಸಿವೆ ಹಾಕಬಹುದಿತ್ತು. ತುಪ್ಪ ಹೆಚ್ಚಾದರೆ ಒಂದು ತೊಂದರೆ, ಕಡಿಮೆಯಾದರೆ ಅದರ ಉಲ್ಟಾ ತೊಂದರೆ. ಬೆಕ್ಕು ಬಟ್ಟಲಿಗೆ ಬಾಯಿ ಹಾಕಬಹುದಿತ್ತು. ನಾನೇ ಬಚ್ಚಲಲ್ಲಿ ಜಾರಿ ಬಿದ್ದು, ಮಗು ತೊಟ್ಟಿಲಲ್ಲಿ ಒಂದೇ ಇದ್ದು... ಇದನ್ನು ಪೂರ್ತಿ ಬರೆಯಲು ಈಗಲೂ ಧೈರ್ಯವಿಲ್ಲ.

ನನ್ನ ಕಸುಬೇ ಹಾಗೆ. ಕಡಬದ ಮನೆಯಲ್ಲಿ ಕೂತು ಬೇರೆಯವರ ಪುಸ್ತಕಗಳ ಕರಡು ತಿದ್ದುತ್ತೇನೆ. ಐವತ್ತಮೂರು ವರ್ಷಗಳಲ್ಲಿ ನಾನು ಚೆನ್ನಾಗಿ ಕಲಿತದ್ದು ತಪ್ಪು ಹುಡುಕುವುದೊಂದನ್ನೇ. ಪುಟದಲ್ಲಿ ತಪ್ಪು ಸಿಗದಿದ್ದರೆ ಸಮಾಧಾನವಾಗುವುದಿಲ್ಲ. ನನ್ನ ಕಣ್ಣೇ ಹಾಳಾಗಿರಬೇಕೆಂದು ಇನ್ನೊಮ್ಮೆ ಓದುತ್ತೇನೆ.

ಅವತ್ತು ಮಗಳು ಬಾಣಂತನದ ರಜೆ ಮುಗಿಸಿ ಪುತ್ತೂರಿನ ಲ್ಯಾಬಿನ ಕೆಲಸಕ್ಕೆ ಮೊದಲ ಸಲ ಹೊರಟಿದ್ದಳು. ಹೆಂಡತಿ ಶಾಲಾ ಟೀಚರು, ಹಗಲು ಮನೆಯಲ್ಲಿರುವುದಿಲ್ಲ. ಉಳಿದವನು ನಾನು. ಏಳು ತಿಂಗಳ ಮೊಮ್ಮಗಳು ಬಾಟಲಿ ಮುಟ್ಟುವವಳಲ್ಲ. ಅನ್ನ ಮುಟ್ಟಿಸಿದ ಮೇಲೆ ಹದಿನೈದು ದಿನಗಳಿಂದ ಒಂದಿಷ್ಟು ತಿನ್ನುತ್ತಿದ್ದಳು, ಆದರೆ ಅಮ್ಮನ ಕೈಯಿಂದ ಮಾತ್ರ. ಅಜ್ಜಿ ಕೊಟ್ಟದ್ದನ್ನು ಉಗಿದಿದ್ದಳು. ನಾನು ಕೊಟ್ಟದ್ದನ್ನು ಗುರಿಯಿಟ್ಟು ಉಗಿದಿದ್ದಳು.

"ಇವತ್ತು ಅವಳು ತಿನ್ನದಿದ್ರೆ ನಾಳೆಯಿಂದ ನಾನು ಹೋಗುದಿಲ್ಲ ಅಪ್ಪ," ಎಂದಳು ಮಗಳು, ಬ್ಯಾಗು ಹೆಗಲಿಗೇರಿಸುತ್ತ. "ಮಗುವನ್ನು ಉಪವಾಸ ಹಾಕಿ ನನಗೆಂತ ಕೆಲಸ?"

"ತಿಂತಾಳೆ, ನೀನು ಹೆದರ್ಬೇಡ," ಎಂದೆ.

"ನೀವು ಹಾಗೆ ಹೇಳಿದ್ರೇ ನನಗೆ ಹೆದರಿಕೆ," ಎಂದು ಬಸ್ಸಿಗೆ ಓಡಿದಳು. ಆ ಕೆಲಸ ಸಿಗಲು ಅವಳು ಎಷ್ಟು ಕಾದಿದ್ದಳೆಂದು ನನಗೆ ಗೊತ್ತು. ಅದೀಗ ನನ್ನ ಕೈಯ ಚಮಚದ ತುದಿಯಲ್ಲಿತ್ತು.

ಒಂದು ಹಿಡಿ ಕುಚ್ಚಲಕ್ಕಿ, ಅರ್ಧ ಹಿಡಿ ಹೆಸರುಬೇಳೆ, ಒಂದು ಕ್ಯಾರೆಟ್, ಚಿಟಿಕೆ ಜೀರಿಗೆ. ಒಂದು ವರ್ಷದವರೆಗೆ ಸಕ್ಕರೆ ಬೇಡ, ಬೆಲ್ಲ ಬೇಡ, ಉಪ್ಪೂ ಬೇಡ ಎಂದು ಡಾಕ್ಟರು ಹೇಳಿದ್ದರು. ಹೆಚ್ಚು ಮಾಡಿಟ್ಟರೆ ಹಳಸೀತೆಂದು ಅಳೆದು ಒಂದು ಹೊತ್ತಿಗಷ್ಟೇ ಇಟ್ಟೆ. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ. ಬೆಂದದ್ದನ್ನು ಆರಿಸಿ, ಮಿಕ್ಸಿಗೆ ಹಾಕಿ, ಗುಂಡಿ ತಿರುಗಿಸಿದೆ. ಕರೆಂಟು ಹೋಯಿತು.

ನನ್ನ ಪಟ್ಟಿಯಲ್ಲಿ ಇದು ಇರಲೇ ಇಲ್ಲ! ಕಡಬದಲ್ಲಿ ಹುಟ್ಟಿ ಬೆಳೆದವನು ಕರೆಂಟು ಹೋಗುವುದನ್ನು ಮರೆತಿದ್ದೆ.

ಕೊನೆಗೆ ಸಿಕ್ಕಿದ್ದು ಚಾ ಸೋಸುವ ಜರಡಿ. ಮೂರು ಸಲ ಬಿಸಿನೀರಲ್ಲಿ ತೊಳೆದು ಮೂಸಿದೆ. ಮಗುವಿಗೆ ಏಳನೇ ತಿಂಗಳಲ್ಲೇ ಚಾದ ಚಟ ಹಿಡಿದರೆ ಎಂದು ನಾಲ್ಕನೇ ಸಲವೂ ತೊಳೆದೆ. ಚಮಚದ ಹಿಂಬದಿಯಿಂದ ಒತ್ತಿ ಒತ್ತಿ ಇಳಿಸುವಾಗ ಪಕ್ಕದ ಮನೆಯ ಅಕ್ಕ ಅಡುಗೆಮನೆ ಬಾಗಿಲಿಗೆ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು. ನಾಲ್ಕು ಮಕ್ಕಳನ್ನು ಸಾಕಿದವರು.

"ಎಂತ ಮಾರಾಯ್ರೆ, ಚಾ ಇಷ್ಟು ದಪ್ಪ ಉಂಟು?"

"ಗಂಜಿ ಅಕ್ಕ. ಮಗುವಿಗೆ."

"ನಮ್ಮ ಮಕ್ಕಳಿಗೆಲ್ಲ ನಾವು ಕೈಯಲ್ಲೇ ನುರಿದು ಕೊಟ್ಟದ್ದು. ಯಾರೂ ಕೋರ್ಟಿಗೆ ಹೋಗ್ಲಿಲ್ಲ."

ನಾನು ಮೊದಲ ಚಮಚವನ್ನು ಮಗುವಿನ ತುಟಿಗೆ ಮುಟ್ಟಿಸಿದೆ. ಮೊಮ್ಮಗಳು ಅದನ್ನು ಒಳಗೆ ತೆಗೆದುಕೊಂಡು, ಯೋಚಿಸಿ, ನನ್ನ ಕನ್ನಡಕದ ಎಡಗಾಜಿಗೆ ವಾಪಸು ಕೊಟ್ಟಳು. ಎರಡನೆಯದು ಅಂಗಿಗೆ. ಮೂರನೆಯದಕ್ಕೆ ಬಾಯಿಯೇ ತೆರೆಯಲಿಲ್ಲ. ಗಂಟೆ ಹನ್ನೆರಡಾಗಿತ್ತು. ಅವಳು ಬೆಳಿಗ್ಗೆ ಅಮ್ಮನ ಹಾಲು ಕುಡಿದದ್ದು ಎಂಟಕ್ಕೆ. ಪುತ್ತೂರಿನಲ್ಲಿ ಮಗಳು ಮನಸ್ಸಿನಲ್ಲೇ ರಾಜೀನಾಮೆ ಪತ್ರ ಬರೆಯುತ್ತಿರುವುದು ನನಗೆ ಕಂಡಿತು. ಒಳ್ಳೆಯ ಕೈಬರಹ, ಒಂದೂ ತಪ್ಪಿಲ್ಲ.

"ನೀವು ಮಗುವಿಗೆ ಊಟ ಕೊಡುದಾ, ವಿಷ ಕೊಡುದಾ?" ಎಂದರು ಅಕ್ಕ. "ನಿಮ್ಮ ಆ ಮೋರೆ ನೋಡಿದ್ರೆ ನಾನೂ ಬಾಯಿ ತೆಗಿಲಿಕ್ಕಿಲ್ಲ. ಮೊದಲು ನೀವು ತಿನ್ನಿ. ಅವಳು ನೋಡ್ಲಿ."

ನಾನು ತಿಂದೆ. ಸಪ್ಪೆ.

"ಹಾಗಲ್ಲ! ಪಾಯಸ ತಿಂದ ಹಾಗೆ."

ಬಾಯಿ ಚಪ್ಪರಿಸಿ, ಕಣ್ಣರಳಿಸಿ, ತಲೆದೂಗಿ ತಿಂದೆ. ಮೊಮ್ಮಗಳು ನನ್ನ ಬಾಯಿಯನ್ನೇ ನೋಡಿದಳು. ಅವಳ ತುಟಿಯೂ ನನ್ನ ತುಟಿಯ ಜೊತೆ ಆಡಿತು. ಚಮಚ ಹತ್ತಿರ ತಂದೆ, ಬಾಯಿ ತೆರೆಯಿತು. ಒಳಗೆ ಹೋಯಿತು. ಹೋದದ್ದು ಹೊರಗೆ ಬರಲಿಲ್ಲ!

"ಆಯ್ತಲ್ಲ," ಎಂದು ಅಕ್ಕ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗಿ ಓಡಿದರು.

ಆಮೇಲೆ ನಮ್ಮಿಬ್ಬರದೂ ಒಂದು ಒಪ್ಪಂದವಾಯಿತು. ನಾನು ತಿನ್ನದೆ ಅವಳು ತಿನ್ನುವುದಿಲ್ಲ. ಒಮ್ಮೆ ಸುಮ್ಮನೆ ಖಾಲಿ ಚಮಚ ಬಾಯಿಗಿಟ್ಟು ಮೋಸ ಮಾಡಲು ನೋಡಿದೆ. ತುಟಿ ಬಿಗಿದು ನನ್ನನ್ನು ನೋಡಿದ ರೀತಿಗೆ ನಾಚಿಕೆಯಾಯಿತು. ಪ್ರಾಮಾಣಿಕವಾಗಿ ತಿಂದೆ. ನಡುನಡುವೆ ಬಿಸಿ ಇದೆಯೇ ಎಂದು ಒಂದು ಚಮಚ, ಗಂಟು ಇದೆಯೇ ಎಂದು ಇನ್ನೊಂದು, ಅದು ಬೇರೆ. ಏಳೆಂಟು ಚಮಚದ ಹೊತ್ತಿಗೆ ಸಪ್ಪೆ ಗಂಜಿ ನನಗೂ ರುಚಿಸತೊಡಗಿತ್ತು. ಮೊಮ್ಮಗಳು ಕೈಕಾಲು ಬಡಿದು ನಗುತ್ತಿದ್ದಳು. ಚಿಂತೆಯನ್ನು ಎಲ್ಲಿ ಇಟ್ಟೆನೆಂದೇ ನೆನಪಿರಲಿಲ್ಲ.

ಅಷ್ಟರಲ್ಲಿ ಅವಳು ಮತ್ತೆ ದೊಡ್ಡದಾಗಿ ಬಾಯಿ ತೆರೆದಳು. ನಾನು ಬಟ್ಟಲಿಗೆ ಚಮಚ ಹಾಕಿದೆ. ಸ್ಟೀಲಿನ ಸದ್ದು ಬಂತು. ಒಂದು ಕ್ಷಣ ಕಾದಳು. ಆಮೇಲೆ ನೆರೆಮನೆಗೆಲ್ಲ ಕೇಳುವಂತೆ ಅತ್ತಳು. ಅದೇ ಹೊತ್ತಿಗೆ ಫೋನು ರಿಂಗಾಯಿತು.

"ಅಳುದು ಕೇಳ್ತಾ ಉಂಟು," ಮಗಳ ಸ್ವರ ಕುಗ್ಗಿತ್ತು. "ತಿನ್ಲಿಲ್ಲ ಅಲ್ವಾ ಅಪ್ಪ? ನನಗೆ ಗೊತ್ತಿತ್ತು."

"ತಿಂದಳು. ಬಟ್ಟಲು ಖಾಲಿ."

"ಮತ್ತೆ ಯಾಕೆ ಅಳುದು?"

"ಇನ್ನೂ ಬೇಕಂತೆ."

"ಕೊಡಿ ಮತ್ತೆ!"

"ಗಂಜಿ ಮುಗೀತು."

"ಎಲ್ಲದಕ್ಕೂ ಅಳತೆ ಮಾಡುವವರು ನೀವು, ಕಡಿಮೆ ಹೇಗಾದದ್ದು?"

ಗಲ್ಲದ ಮೇಲಿನ ಗಂಜಿ ಒರೆಸಿಕೊಂಡೆ. ಅದು ನನ್ನ ಗಲ್ಲ.

"ಅರ್ಧ," ಎಂದೆ, "ನಾನು ತಿಂದೆ."