ಬೋರ್ಡಿನ ‘ಆಮೇಲೆ’ ಮೂಲೆ

ನನ್ನ ಹೆಂಡತಿ ಶೈಲಜಾ ಹಾಸನದವಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಸುಮ್ಮನೆ ಕೂರಲೂ ಬರುವುದಿಲ್ಲ. ಎರಡು ಸಾವಿರದ ಇಸವಿಯಲ್ಲಿ, ಅಮೆರಿಕದಲ್ಲಿ ನಾವಿದ್ದ ಕಡೆ ಊರಿಗೆ ಊರೇ ಡಾಟ್‌ಕಾಮ್ ಅಂತ ಕುಣಿಯುತ್ತಿದ್ದಾಗ, ಅವಳು ಒಂದು ಯೂನಿವರ್ಸಿಟಿಯ ಪರವಾಗಿ ಪ್ರೈಮರಿ ಶಾಲೆಯ ಟೀಚರುಗಳಿಗೆ ಡಿಸೈನ್ ಥಿಂಕಿಂಗ್ ಕಲಿಸುತ್ತಿದ್ದಳು. ಮೊದಲು ಎದುರಿನವರ ಕಷ್ಟ ಕೇಳು, ಆಮೇಲೆ ಉಪಾಯ ಹುಡುಕು, ಇಷ್ಟೇ ಅದರ ಸಾರ. ಇದಕ್ಕೂ ಒಂದು ಯೂನಿವರ್ಸಿಟಿ ಬೇಕಾ ಅಂತ ನಾನು ರೇಗಿಸುತ್ತಿದ್ದೆ.

ಬುಧವಾರ ಸಂಜೆ ನಾಲ್ಕಕ್ಕೆ ಇಪ್ಪತ್ತು ಟೀಚರುಗಳು ಬಂದು ಕುರ್ಚಿಗಳಲ್ಲಿ ಕುಸಿಯುತ್ತಿದ್ದರು. ತಮ್ಮ ಕಷ್ಟವನ್ನು ಹಳದಿ ಚೀಟಿಯಲ್ಲಿ ಬರೆದು ಬೋರ್ಡಿಗೆ ಅಂಟಿಸಬೇಕು. ಯೂನಿಯನ್ ಸಿಟಿಯಲ್ಲಿ ಎರಡನೇ ತರಗತಿಗೆ ಪಾಠ ಮಾಡುವ, ಕನ್ನಡದವರೇ ಆದ ಪದ್ಮಜಾ ಬರೆದದ್ದು ಒಂದೇ ಸಾಲು: ‘ಬಾತ್‌ರೂಮಿಗೆ ಹೋಗಲು ಹತ್ತು ನಿಮಿಷ ಬಿಡುವು.’ ಎಲ್ಲರೂ ನಕ್ಕರು. ಶೈಲಜಾನೂ ನಕ್ಕು, ಚೀಟಿಯನ್ನು ಬೋರ್ಡಿನ ‘ಆಮೇಲೆ’ ಎಂಬ ಮೂಲೆಗೆ ಸರಿಸಿದಳು. ವಿಷಯಕ್ಕೆ ಸೇರದ್ದೆಲ್ಲ ಆ ಮೂಲೆಗೆ ಹೋಗುವುದು ಅವರ ಪದ್ಧತಿ. ಅಲ್ಲಿಗೆ ಹೋದದ್ದನ್ನು ಯಾರೂ ಮತ್ತೆ ನೋಡುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಪದ್ಮಜಾ ಬರುವುದು ನಿಂತಿತು. ಶೈಲಜಾ ಫೋನು ಮಾಡಿದಳು.

“ಕಿಡ್ನಿ ಇನ್ಫೆಕ್ಷನ್ನು ಕಣ್ರೀ, ಎರಡನೇ ಸಲ. ಕ್ಲಾಸಲ್ಲಿ ಮಕ್ಕಳನ್ನ ಬಿಟ್ಟು ಬಾತ್‌ರೂಮಿಗೆ ಹೋಗೋ ಹಾಗಿಲ್ವಲ್ಲ, ಅದಕ್ಕೇ ನೀರೇ ಕುಡೀತಿರ್ಲಿಲ್ಲ. ಹೀಗೇ ಆದ್ರೆ ಕೆಲಸ ಬಿಡ್ಬೇಕಾಗತ್ತೆ ಅಂದ್ರು ಡಾಕ್ಟ್ರು.”

ಫೋನಿಟ್ಟವಳು ನನ್ನ ಕಡೆ ತಿರುಗಿದಳು.

“ಬರೆದು ಕೊಟ್ಟಿದ್ರು ರೀ. ನಾನೇ ಮೂಲೆಗೆ ತಳ್ಳಿದೆ. ಕೇಳೋದನ್ನ ಕಲಿಸೋಳಂತೆ ನಾನು! ಹೇಳೋದು ಆಚಾರ, ತಿನ್ನೋದು ಬದನೆಕಾಯಿ.”



ಮರುದಿನ ಚೀಟಿ ಹಿಡಿದು ಯೂನಿವರ್ಸಿಟಿಯ ಡೈರೆಕ್ಟರನ ಮುಂದೆ ನಿಂತಳು. ನಮ್ಮ ವಿದ್ಯಾರ್ಥಿಗಳನ್ನು ಬೆಳಗ್ಗೆ ಶಾಲೆಗಳಿಗೆ ಕಳಿಸೋಣ, ಹತ್ತು ನಿಮಿಷ ಕ್ಲಾಸು ನೋಡಿಕೊಳ್ಳಲಿ ಅಂದಳು. ಇದರಲ್ಲಿ ಕಂಪ್ಯೂಟರೇ ಇಲ್ಲವಲ್ಲ, ದುಡ್ಡು ಕೊಡುವ ಕಂಪನಿಯವರಿಗೆ ಏನಂತ ತೋರಿಸುವುದು ಅಂದನಂತೆ ಆತ. ಅವನ ತಲೆ!

ಪದ್ಮಜಾರ ಶಾಲೆ ನಮ್ಮ ಅಪಾರ್ಟ್‌ಮೆಂಟಿನಿಂದ ಎರಡು ಮೈಲಿ. ಅವರು ಕೆಲಸಕ್ಕೆ ಮರಳಿದಾಗ, ಶಾಲೆಯಲ್ಲಿ ಸ್ವಯಂಸೇವಕಿ ಅಂತ ಹೆಸರು ಬರೆಸಿ ಶೈಲಜಾ ತಾನೇ ಹೊರಟಳು. ಹತ್ತಕ್ಕೆ ಅಲ್ಲಿ, ಆಮೇಲೆ ಕೊಲ್ಲಿಯ ಮೇಲಿನ ಉದ್ದದ ಬ್ರಿಡ್ಜು ದಾಟಿ ಆಫೀಸಿಗೆ ತಡವಾಗಿ. ದಿನಾ ಬೈಸಿಕೊಂಡು, ಸಂಜೆ ಚಪ್ಪಲಿಯನ್ನೂ ಬಿಡದೆ ಸೋಫಾದ ಮೇಲೆ ಬೀಳುತ್ತಿದ್ದಳು.

“ಎಷ್ಟು ಶಾಲೆಗೆ ಅಂತ ಹೋಗ್ತೀಯೆ?” ಅಂದೆ.

“ಒಂದಕ್ಕೆ.”

ಮೊದಲ ದಿನ ಪದ್ಮಜಾ ಬಾಗಿಲಲ್ಲೇ ನಿಂತಿದ್ದರಂತೆ.

“ಬೆಳಗ್ಗೆ ಎರಡು ಲೋಟ ನೀರು ಕುಡಿದೆ ಶೈಲಜಾ, ನೀವು ಬರ್ತೀರ ಅಂತ,” ಅಂದವರೇ ಓಡಿದರಂತೆ.