ಕೊನೆಯ ರೀಲು ನೋಡದ ಗಂಗಕ್ಕ

ನಮ್ಮ ಓಣಿಯ ಗಂಗಕ್ಕ ಸಿನಿಮಾ ನೋಡುವಾಗ ಚಪ್ಪಲಿ ಬಿಡುತ್ತಿರಲಿಲ್ಲ. ದಾವಣಗೆರೆ ವಿನೋಬನಗರದ ನಮ್ಮ ಮನೆಗೆ ಮಧ್ಯಾಹ್ನ ಟೀವಿ ನೋಡಲು ಬಂದರೆ ಹೊಸ್ತಿಲ ಬಳಿಯೇ ನಿಲ್ಲುತ್ತಿದ್ದಳು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ನಮ್ಮವ್ವ ಗೊಣಗಿ ಗೊಣಗಿ ಸಾಕಾಗಿ ಕಡೆಗೆ ಅಲ್ಲೊಂದು ಗೋಣಿತಾಟು ಹಾಸಿಟ್ಟಳು. ಅದರ ಮೇಲೂ ಆಕೆ ಸುಮ್ಮನೆ ನಿಂತವಳಲ್ಲ. ಕೈಲಿದ್ದ ಮಂಡಕ್ಕಿ ಮರೆತು, ಸೆರಗು ಹಿಂಡುತ್ತ, ‘ಹಿಂದ ನೋಡೋ ಮುಠ್ಠಾಳ!’ ಎಂದು ನಾಯಕನನ್ನೇ ಬೈಯುತ್ತಿದ್ದಳು.

ಆಕೆಗೆ ಬೇಕಾದದ್ದು ಅರವತ್ತರ ದಶಕದ ಆರಂಭದ ಪತ್ತೇದಾರಿ, ಸಾಹಸದ ಚಿತ್ರಗಳು ಮಾತ್ರ. ಹಳೆ ಬಂಗಲೆ, ಹಗ್ಗದ ಸೇತುವೆ, ಪರದೆಯ ಕೆಳಗೆ ಇಣುಕುವ ಬೂಟು. ಹೊಸ ಚಿತ್ರ ಹಾಕಿದರೆ ಮೂತಿ ಸೊಟ್ಟಗಾಗುತ್ತಿತ್ತು. ‘ಈಗಿನೋರು ಎಷ್ಟು ಗುಂಡು ಹಾರಿಸಿದ್ರೂ ನಂಗೆ ಆಕಳಿಕೆ ಬರ್ತೈತೆ. ಆಗ ಬಾಗ್ಲ ಹಿಡಿಕೆ ಮೆಲ್ಲಕ ತಿರುಗಿದ್ರೆ ಸಾಕು, ಟಾಕೀಸಿಗೆ ಟಾಕೀಸೇ ಉಸಿರು ಬಿಗಿ ಹಿಡಿತಿತ್ತು. ಕೈ ಯಾರ್ದು ಅಂತ ತೋರಿಸ್ತಿದ್ದಿಲ್ಲ ನೋಡು, ಅದೇ ಮಜಾ.’ ಆ ಚಿತ್ರಗಳಲ್ಲಿ ಮುಖ ಬಿಟ್ಟು ನೆರಳು ನೋಡುವುದನ್ನು ನಾನು ಕಲಿತದ್ದು ಆಕೆಯಿಂದಲೇ.

ಚಪ್ಪಲಿಗೆ ಕಾರಣವಿತ್ತು. ಗಂಗಕ್ಕನ ತವರು ಹರಿಹರ. ಹರೆಯದಲ್ಲಿ ಆಕೆ, ತಂಗಿ ನಾಗವ್ವ ಇಬ್ಬರೂ ರೈಲು ಹತ್ತಿ ದಾವಣಗೆರೆಗೆ ಮ್ಯಾಟ್ನಿಗೆ ಬರುವವರು. ದೀಪ ಹಚ್ಚುವುದರೊಳಗೆ ಮನೆಯಲ್ಲಿರಬೇಕೆಂದು ಅಪ್ಪನ ಅಪ್ಪಣೆ. ಚಿತ್ರ ಮುಗಿಯುವ ಮೊದಲೇ ವಾಪಸು ರೈಲು ಬರುತ್ತಿತ್ತು. ಚಪ್ಪಲಿ ಬಿಟ್ಟು ಕೂತರೆ ಕತ್ತಲಲ್ಲಿ ಹುಡುಕುವುದು ಯಾರು? ಹೀಗಾಗಿ ಅಕ್ಕತಂಗಿಯರು ಒಂದು ಚಿತ್ರದ ಕೊನೆಯನ್ನೂ ಕಂಡವರಲ್ಲ. ಹರಿಹರ ಬರುವಷ್ಟರಲ್ಲಿ ತಾವೇ ಕೊಲೆಗಾರನನ್ನು ಹಿಡಿದು ಜೈಲಿಗೆ ಹಾಕಿರುತ್ತಿದ್ದರು.

ಒಂದು ಚಿತ್ರದ ತೀರ್ಪು ಮಾತ್ರ ಆಗಲೇ ಇಲ್ಲ. ಬಂಗಲೆಯ ಒಡೆಯನನ್ನು ಮಹಡಿಯಲ್ಲಿ ಕೊಂದವನು ಡ್ರೈವರ್ ಎಂದು ಗಂಗಕ್ಕ, ಗಾಲಿಕುರ್ಚಿಯಲ್ಲೇ ಕೂತಿರುವ ಅವನ ಮುದಿ ಮಾವ ಎಂದು ನಾಗವ್ವ. ‘ನಡೀಲಾರದವನು ಮಹಡಿ ಹೆಂಗೆ ಹತ್ತಿದ್ನೇ?’ ಎಂದು ಅಕ್ಕ ಕೇಳಿದರೆ, ‘ನಡೀಲಾರೆ ಅಂತ ಹೇಳಿದೋನು ಯಾರು? ಅವನೇ ಅಲ್ಲೇನು?’ ಎನ್ನುತ್ತಿದ್ದಳಂತೆ ತಂಗಿ. ಮದುವೆ, ತೊಟ್ಟಿಲು, ಯಾವ ಕಾರ್ಯದಲ್ಲಿ ಸೇರಿದರೂ ಇದೇ ಜಗಳ.

ಹೋದ ವರ್ಷ ಆ ಚಿತ್ರ ನನಗೆ ಫೋನಿನಲ್ಲಿ ಸಿಕ್ಕಿತು. ‘ನಾಗಿ ಬಿಟ್ಟು ನೋಡಬಾರ್ದು. ಅವಳಿಗೇನಾರ ಆಗೋದ್ರೊಳಗ ಇತ್ಯರ್ಥ ಆಗ್ಲಿ’ ಎಂದು ಗಂಗಕ್ಕ ಅಂದೇ ನನ್ನನ್ನು ಹೊರಡಿಸಿದಳು. ನಾಗವ್ವ ಹರಿಹರದಲ್ಲಿ ಹಾಸಿಗೆ ಹಿಡಿದಿದ್ದಳು. ಬಸ್ಸಿನಲ್ಲಿ ಸೀಟಿದ್ದರೂ ಗಂಗಕ್ಕ ಕೂರಲಿಲ್ಲ.

ಎರಡು ನರೆತ ತಲೆಗಳು ಒಂದು ಫೋನಿಗೆ ಬಾಗಿದವು. ಇನ್ನೇನು ಪತ್ತೇದಾರ ಬೆರಳು ತೋರಿಸಬೇಕು, ನಾಗವ್ವ ಪರದೆಗೆ ಅಂಗೈ ಅಡ್ಡ ಹಿಡಿದಳು. ‘ಏಳಕ್ಕ, ರೈಲು ಬಂತು.’

‘ಹುಚ್ಚೀ, ತೆಗೀ ಕೈ!’

‘ಬ್ಯಾಡ. ತೀರ್ಮಾನ ಆತಂದ್ರೆ ನೀ ಜಗಳಾಡಾಕ ಯಾಕ ಬರ್ತೀ?’

ಗಂಗಕ್ಕ ಫೋನನ್ನು ನನ್ನ ಕೈಗಿಟ್ಟಳು. ಕೊಲೆಗಾರ ಯಾರೆಂದು ತಿಳಿಯದೆ ನನಗಂತೂ ಮೈಯೆಲ್ಲ ಉರಿಯಿತು. ಆದರೂ ಅವರನ್ನು ಬಿಟ್ಟು ಕೊನೆ ನೋಡುವ ಧೈರ್ಯ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ನಾಗವ್ವ ತೀರಿಕೊಂಡಳು. ಗಂಗಕ್ಕ ಕಡೆಯ ಬಾರಿ ನಮ್ಮ ಮನೆಗೆ ಬಂದದ್ದು ಅದರ ನಂತರ, ಒಂದು ಮಧ್ಯಾಹ್ನ. ಚಪ್ಪಲಿಯನ್ನು ಹೊರಗೆ ಬಿಟ್ಟು, ಚಾಪೆಯ ಬಲ ಅಂಚಿಗೆ ಕೂತು, ‘ಹಾಕು’ ಎಂದಳು. ಹಾಕಿದೆ. ಕಡೆಗೆ ಪರದೆಯ ಮೇಲೆ ಮುದಿ ಮಾವ ಸುತ್ತ ಒಮ್ಮೆ ನೋಡಿ, ಗಾಲಿಕುರ್ಚಿಯಿಂದ ಮೆಲ್ಲಗೆ ಎದ್ದು ನಿಂತ.

‘ಎದ್ದ ನೋಡೇ ನಾಗಿ! ನಿಂದೇ ಖರೆ ಆತಲ್ಲೇ!’ ಎಂದು ಕೂಗುತ್ತ ಗಂಗಕ್ಕ ಎಡಕ್ಕೆ ತಿರುಗಿ, ಬರಿ ಚಾಪೆಯ ಮೇಲೆ ಪಟ್ಟನೆ ಹೊಡೆದಳು.